ಹಳ್ಳೂರ ವಿಲಾದ ಚಂದ್ರವ್ವ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರನ್ನು ಕೇಳಿ ಕಾನ್‌ಸ್ಟೇಬಲ್ ಅವಿನಾಶ್‌ಗೆ ನಗು ತಡೆಯಲಾಗಲಿಲ್ಲ. ಪುಣೆಯ ಶಿವಾಜಿನಗರದ ಆಸುಪಾಸಿನಲ್ಲಿ ಸೋಮವಾರ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಜೇಬು ಕತ್ತರಿಸಿಕೊಂಡವರು, ಪಾರ್ಕಿಂಗ್ ಜಗಳದಲ್ಲಿ ತಲೆ ಒಡೆದುಕೊಂಡವರು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿರುತ್ತಾರೆ. ಅವರ ನಡುವೆ ಖಾದಿ ಜುಬ್ಬಾ ತೊಟ್ಟ ಯುವಕನೊಬ್ಬ ನಿಂತು, ಒಬ್ಬ ಹೆಂಗಸು ಕಳುವಾಗಿದ್ದಾಳೆ ಎಂದ.

"ಕಾಣೆಯೋ, ಕಳುವೋ?" ಎಂದು ಅವಿನಾಶ್ ಕೇಳಿದ.

"ಕಳುವು. ಹೆಂಗಸಿನ ಫೋಟೋ. ನೂರು ವರ್ಷಕ್ಕಿಂತ ಹಳೇದು."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ದುರ್ಗಾ ಬಿರಾದಾರ ಅವನನ್ನು ಕರೆಸಿ ಕೂಡಿಸಿದರು. ದುರ್ಗಾ ಅವರ ಊರು ಅಕ್ಕಲಕೋಟೆಯ ಕಡೆ. ಠಾಣೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಆದರೆ ಸಿಟ್ಟು ಬರುವುದು ಅಪರೂಪ. ಇಪ್ಪತ್ತು ವರ್ಷದ ನೌಕರಿ ಅವರಿಗೆ ಕಲಿಸಿದ್ದು ಒಂದೇ ಮಾತು: ದೂರು ಎಷ್ಟು ಸಣ್ಣದಿದ್ದರೂ ಪೂರ್ತಿ ಕೇಳಬೇಕು, ದೂರು ಕೊಡುವವನನ್ನು ಮಾತ್ರ ಅರ್ಧ ನಂಬಬೇಕು.

ಯುವಕನ ಹೆಸರು ಸ್ವಪ್ನಿಲ್. ಹಳ್ಳೂರ ವಿಲಾ ಎಂಬ ಹಳೆಯ ಬಂಗಲೆಯನ್ನು ನೋಡಿಕೊಳ್ಳುವ ಟ್ರಸ್ಟಿನ ಮ್ಯಾನೇಜರ್. ಬಂಗಲೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ, ಕೆಡವುವಂತಿಲ್ಲ, ಒಂದು ಕಿಟಕಿ ಬದಲಿಸಬೇಕಾದರೂ ಅನುಮತಿ ಬೇಕು. ಭಾನುವಾರ ಮಾತ್ರ ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಾರೆ. ನಿನ್ನೆ ಸಂಜೆ ಐದಕ್ಕೆ ಬೀಗ ಹಾಕುವಾಗ ಎಲ್ಲ ಸರಿ ಇತ್ತು ಎಂದುಕೊಂಡಿದ್ದ. ಇವತ್ತು ಕಸ ಹೊಡೆಸಲು ತೆಗೆದರೆ ನಡುಮನೆಯ ಗೋಡೆಯಲ್ಲಿ ಮೊಳೆ ಇದೆ, ಫೋಟೋ ಇಲ್ಲ.

"ಬೇರೆ ಏನು ಹೋಗಿದೆ?"

"ಏನೂ ಇಲ್ಲ. ಪಕ್ಕದಲ್ಲೇ ಬೆಳ್ಳಿ ಗುಲಾಬದಾನಿ ಇತ್ತು. ಮುಟ್ಟಿಲ್ಲ."

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ದುರ್ಗಾ, ಅವಿನಾಶ್ ಮತ್ತು ಫೋಟೋಗ್ರಾಫರ್ ಸ್ಥಳಕ್ಕೆ ಹೋದರು. ಪಂಚರಾಗಿ ಎದುರಿನ ಝೆರಾಕ್ಸ್ ಅಂಗಡಿಯವನನ್ನೂ ಮೂಲೆಯ ಹೂವಿನವಳನ್ನೂ ಕರೆದರು. ಹೂವಿನವಳು ದಿನಾ ಬೆಳಿಗ್ಗೆ ಬಂಗಲೆಯ ಗೇಟಿನ ಮೂಲೆಯಲ್ಲೇ ಹನ್ನೆರಡು ವರ್ಷದಿಂದ ಕೂರುತ್ತಿದ್ದರೂ ಒಳಗೆ ಕಾಲಿಡುವುದು ಇದೇ ಮೊದಲು. ಪಂಚನಾಮೆ ಮರೆತು ಮೇಲೆ ಕೆಳಗೆ ನೋಡುತ್ತ ನಿಂತುಬಿಟ್ಟಳು.

ನೋಡುವಂಥ ಮನೆಯೇ. ಮುಂದೆ ಕುದುರೆಗಾಡಿ ನಿಲ್ಲಲು ಕಟ್ಟಿದ ಕಮಾನಿನ ಪೋರ್ಚು, ಸುತ್ತ ಸಾಗವಾನಿ ಕಂಬಗಳ ಪಡಸಾಲೆ, ಮಂಗಳೂರು ಹೆಂಚಿನ ಮಾಡು, ಕಿಟಕಿಗಳ ನೆತ್ತಿಗೆ ಕೆಂಪು, ಹಸಿರು, ನೀಲಿ ಗಾಜು. ನೆಲಕ್ಕೆ ಹಡಗಿನಲ್ಲಿ ತರಿಸಿದ ಬಣ್ಣದ ಟೈಲ್ಸ್. ಬಾಗಿಲ ಬಳಿಯ ಫಲಕದಲ್ಲಿ ಮನೆಯ ಇತಿಹಾಸ ಬರೆದಿತ್ತು: 1912ರಲ್ಲಿ ಕಟ್ಟಿದ್ದು, ಆಗ ಶಿವಾಜಿನಗರಕ್ಕೆ ಭಾಂಬುರ್ಡಾ ಎಂದು ಹೆಸರು. ಕಟ್ಟಿಸಿದವರು ಗುಳೇದಗುಡ್ಡದಿಂದ ಬಂದು ಹತ್ತಿ ಮತ್ತು ರವಿಕೆ ಖಣದ ವ್ಯಾಪಾರದಲ್ಲಿ ಹೆಸರು ಮಾಡಿದ ಗೂಳಪ್ಪ ಹಳ್ಳೂರ. ಅವರ ಹೆಂಡತಿ ಮಕ್ಕಳು ಪೇಟೆಯ ವಾಡೆಯಲ್ಲೇ ಇದ್ದರು. ಹಾಗಾದರೆ ಇಷ್ಟು ದೊಡ್ಡ ಮನೆಯಲ್ಲಿ ಯಾರಿದ್ದರು ಎಂಬುದನ್ನು ಫಲಕ ಹೇಳುವುದಿಲ್ಲ. ಅದನ್ನು ಹೇಳುವ ಕೆಲಸ ಸ್ವಪ್ನಿಲ್‌ನದು.

ಖಾಲಿ ಮೊಳೆಯ ಕೆಳಗೆ ಒಂದು ಚೀಟಿ ಅಂಟಿಸಿತ್ತು: 'ಗೂಳಪ್ಪನವರ ಗಾನೇವಾಲಿ. ಹೆಸರು ತಿಳಿದಿಲ್ಲ.' ಗಾನೇವಾಲಿ ಎಂದರೆ ಹಾಡುವವಳು, ಇಟ್ಟುಕೊಂಡವಳು ಎಂಬ ಅರ್ಥವೂ ಅದರಲ್ಲೇ ಇತ್ತು.

"ಭಾನುವಾರ ಈಕೆಯ ಬಗ್ಗೆ ಏನು ಹೇಳುತ್ತೀರಿ?" ದುರ್ಗಾ ಕೇಳಿದರು.

ಸ್ವಪ್ನಿಲ್ ಉತ್ಸಾಹದಿಂದ ಹೇಳಿದ. ಹಾಲಿನಲ್ಲಿ ಸ್ನಾನ ಮಾಡುತ್ತಿದ್ದಳು. ಈ ಟೈಲ್ಸಿನ ಮೇಲೆ ಕುಣಿಯುತ್ತಿದ್ದಳು, ಗೂಳಪ್ಪ ಹೆಜ್ಜೆಗೊಂದು ಚಿನ್ನದ ಪವನು ಎಸೆಯುತ್ತಿದ್ದ. ಕೊನೆಗೆ ಒಬ್ಬ ಗೋರಾ ಸಾಹೇಬನ ಜೊತೆ ಓಡಿಹೋದಳು.

"ಇದು ಎಲ್ಲಿ ಸಿಕ್ಕಿತು?"

"ಹಾಗೇ ಜನ ಹೇಳುತ್ತಾರೆ ಮೇಡಂ. ಸ್ವಲ್ಪ ನಾನೂ ಸೇರಿಸಿದ್ದೇನೆ. ಬರೀ ಹೆಂಚು ಕಂಬ ನೋಡುವುದಕ್ಕೆ ಯಾರು ಬರುತ್ತಾರೆ? ಈ ಫೋಟೋ ಮುಂದೆ ನಿಂತು ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಾರೆ."

ಎಲಾ ಇವನ. ಸತ್ತು ಎಷ್ಟೋ ಕಾಲವಾದ ಹೆಂಗಸಿನ ಮೇಲೆ ಬಾಯಿಗೆ ಬಂದದ್ದು ಕಟ್ಟಿ ಹೇಳುವುದಕ್ಕೆ ಟಿಕೆಟ್ ಬೇರೆ. ದುರ್ಗಾ ಮನಸ್ಸಿನಲ್ಲೇ ಹೀಗೆ ಅಂದುಕೊಂಡರು. ಫೋಟೋದ ಅಳತೆ ಕೇಳಿ ಬರೆದುಕೊಂಡರು. ಕಪ್ಪುಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ಹಚ್ಚಿದ್ದು, ಕಟ್ಟು ಸೇರಿ ಒಂದೂವರೆ ಗೇಣು. ಸಂತೆಯ ಚೀಲದಲ್ಲಿ ಹಿಡಿಸುವಷ್ಟು.

ಬೀಗ ಒಡೆದಿರಲಿಲ್ಲ. ಭಾನುವಾರ ಜನ ಪಕ್ಕದ ಬಾಗಿಲಿನಿಂದ ಒಳಬಂದು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಬೇಕು. ಎರಡೂ ಕಡೆ ಕ್ಯಾಮೆರಾ ಇದೆ. ಮುಂದಿನ ದೊಡ್ಡ ಬಾಗಿಲನ್ನು ತೆಗೆಯುವುದೇ ಇಲ್ಲ, ಪೋರ್ಚಿನ ಟೈಲ್ಸ್ ಸವೆಯುತ್ತವೆ ಎಂದು. ಆದರೆ ಆ ಬಾಗಿಲಿನ ಹಿತ್ತಾಳೆ ಅಗಳಿ ಈಗ ಸರಿದಿತ್ತು. ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿದ್ದರು, ಅಷ್ಟೇ.

"ಊರಿಗೊಂದು ದಾರಿಯಾದರೆ ಇವನಿಗೊಂದು ದಾರಿ," ಎಂದ ಅವಿನಾಶ್. "ಹಿಂದಿನ ಬಾಗಿಲಿಂದ ಗುಂಪಿನಲ್ಲಿ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಷ್ಟು ಗಟ್ಟಿ ಅಗಳಿ ಸರಿಸಿ, ರಸ್ತೆಗೆ ಕಾಣುವ ಹಾಗೆ ಹೋಗಿದ್ದಾನೆ."

ಹಾಗೆನ್ನುತ್ತ ಹೊಸ್ತಿಲ ಬಳಿ ಬಗ್ಗಿದವನು, "ಮೇಡಂ, ಇರುವೆ," ಎಂದ.

"ಇರುವೆಗೂ ಸಮನ್ಸ್ ಕೊಡಬೇಕೇನು?"

ಆದರೂ ಬಗ್ಗಿ ನೋಡಿದರು. ಹೊಸ್ತಿಲ ಒಳಮಗ್ಗುಲಿನ ಮೂಲೆಯಲ್ಲಿ ಚಿಟಿಕೆಯಷ್ಟು ಅಕ್ಕಿ. ಅಕ್ಕಿಗೆ ಅರಿಶಿಣ ಹತ್ತಿತ್ತು. ಜೊತೆಗೊಂದು ಬೆಲ್ಲದ ಚೂರು, ಇರುವೆಗಳು ಬಂದದ್ದು ಅದಕ್ಕೆ. ಹಿಂತಿರುಗಿ ಹೋಗಿ ನೋಡಿದರೆ ಖಾಲಿ ಮೊಳೆಯ ಕೆಳಗೂ ನಾಲ್ಕಾರು ಅಕ್ಕಿಕಾಳು ಬಿದ್ದಿದ್ದವು. ಝೆರಾಕ್ಸ್ ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ. ಭಾನಾಮತಿ ಎಂದು ಸ್ವಪ್ನಿಲ್ ಪಿಸುಗುಟ್ಟಿದ.

ದುರ್ಗಾ ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಮಾಟವೂ ಅಲ್ಲ, ಮಣ್ಣೂ ಅಲ್ಲ. ಮನೆಮಗಳು ಹೊರಟಾಗ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು, ಖಣ ಹಾಕಿ ಉಡಿ ತುಂಬುತ್ತಾರೆ. ತುಂಬಿಸಿಕೊಂಡವಳು ಅದರಲ್ಲೇ ಒಂದು ಚಿಟಿಕೆ ಅಕ್ಕಿ ಆ ಮನೆಗೇ ಬಿಟ್ಟು ಹೊಸ್ತಿಲು ದಾಟುತ್ತಾಳೆ, ಈ ಮನೆ ಬರಿದಾಗದಿರಲಿ ಎಂದು. ಮರಾಠಿಯವರಲ್ಲೂ ಇದು ಉಂಟು, ಅವರು ಓಟಿ ಎನ್ನುತ್ತಾರೆ. ಆದರೆ ಉಡಿಯಲ್ಲಿ ಬೆಲ್ಲ ಇಡುವುದನ್ನು ದುರ್ಗಾ ತಮ್ಮ ಕಡೆಯ ಮನೆಗಳಲ್ಲೇ ಹೆಚ್ಚು ಕಂಡಿದ್ದರು. ಬಾಣಂತನ ಮುಗಿಸಿ ತವರಿನಿಂದ ಹೊರಟ ದಿನ ಅವರ ತಾಯಿ ಅಚ್ಚುಬೆಲ್ಲವನ್ನೇ ಇಟ್ಟಿದ್ದರು.

ಯಾರೋ ಒಬ್ಬಳು ಈ ಫೋಟೋದ ಹೆಂಗಸಿಗೆ ಉಡಿ ತುಂಬಿ, ಅವಳ ಪರವಾಗಿ ಚಿಟಿಕೆ ಅಕ್ಕಿ ಬಿಟ್ಟು, ಮುಂಬಾಗಿಲಿನಿಂದ ಕರೆದುಕೊಂಡು ಹೋಗಿದ್ದಾಳೆ. ಉಡಿ ತುಂಬುವುದು ಮುತ್ತೈದೆ, ತುಂಬಿಸಿಕೊಳ್ಳುವವಳೂ ಮುತ್ತೈದೆ. ಗಾನೇವಾಲಿಗೆ ಯಾರೂ ಇದನ್ನು ಮಾಡುವುದಿಲ್ಲ. ಹಳೆ ಸಾಮಾನಿನ ವ್ಯಾಪಾರಿಯಂತೂ ಖಂಡಿತ ಮಾಡುವುದಿಲ್ಲ.

ಪಂಚನಾಮೆಯಲ್ಲಿ ಮಾತ್ರ ಇಷ್ಟೇ ಬರೆಸಿದರು: ಅರಿಶಿಣ ಹತ್ತಿದ ಅಕ್ಕಿ, ಒಂದು ಚಿಟಿಕೆ. ಬೆಲ್ಲದ ತುಣುಕು, ಒಂದು.

"ಯಾರ ಮೇಲಾದರೂ ಸಂಶಯ?" ಎಂದು ಹೊರಡುವಾಗ ಕೇಳಿದರು.

ಸ್ವಪ್ನಿಲ್ ತಡ ಮಾಡಲಿಲ್ಲ. ಗೂಳಪ್ಪನ ಮರಿಮಗಳು ನೀತಾ ಹಳ್ಳೂರ ಎಂಬಾಕೆ ಖರಾಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾಳೆ. ಮಾರಲೂ ಆಗದ, ಕೆಡವಲೂ ಆಗದ ಬಂಗಲೆಯನ್ನು ಟ್ರಸ್ಟಿಗೆ ಒಪ್ಪಿಸಿದ್ದು ಅವಳ ತಂದೆ. ಹೋದ ವರ್ಷ ಆಕೆ ಬಂದು ಫೋಟೋವನ್ನು ಗೋಡೆಯಿಂದ ತೆಗೆಯಿರಿ ಎಂದು ಎಲ್ಲರೆದುರು ಜಗಳವಾಡಿದ್ದಳು.

ಮಂಗಳವಾರ ಮಧ್ಯಾಹ್ನ ದುರ್ಗಾ ಖರಾಡಿಗೆ ಹೋದರು. ಗಾಜಿನ ಕಟ್ಟಡದ ಕ್ಯಾಂಟೀನಿನಲ್ಲಿ ನೀತಾ ಎದುರು ಕೂತಳು. ಕನ್ನಡ ಕೇಳಿ ಆಕೆಯ ಬಿಗಿ ಸ್ವಲ್ಪ ಸಡಿಲವಾಯಿತು.

"ಫೋಟೋ ತೆಗೀರಿ ಅಂತ ಜಗಳ ಮಾಡಿದ್ರಿ?"

"ಮಾಡೀನ್ರಿ. ನಮ್ಮ ಮುತ್ತಜ್ಜನ ಹೆಸರು ಹಾಳಾಗ್ತದ."

"ನೀವ ತಗೊಂಡ್ರಿ?"

"ಇಲ್ರಿ. ಸಂಡೇ ರಿಲೀಸ್ ಇತ್ತು, ದಿನಾ ಪೂರ್ತಿ ಇಲ್ಲೇ ಇದ್ದೆ. ಗೇಟ್‌ನ ಎಂಟ್ರಿ ಚೆಕ್ ಮಾಡ್ರಿ."

"ಆಕಿ ಯಾರು?"

ನೀತಾ ಚಹಾದ ಕಪ್ಪು ತಿರುಗಿಸುತ್ತ ಕೂತಳು. "ಮನ್ಯಾಗ ಆಕಿ ಹೆಸರು ತೆಗೀಬಾರದಿತ್ತು. ನಮ್ಮ ಅಜ್ಜಿ ಒಮ್ಮೆ ಹೇಳಿದ್ಲು. ಚಂದ್ರವ್ವ ಅಂತ. ಹುಬ್ಬಳ್ಳಿ ಕಡೆಯಾಕಿ, ಹಾಡ್ತಿದ್ಲಂತ. ಮುತ್ತಜ್ಜ ಗುಡಿಯೊಳಗ ತಾಳಿ ಕಟ್ಟಿದ್ದ ಅಂತಾರ, ಇಲ್ಲ ಅಂತಾರ. ಹತ್ತೊಂಬತ್ತನೂರಾ ಹದಿನೆಂಟರ ಇನ್‌ಫ್ಲುಯೆಂಝಾದಾಗ ಅವ ಹಾಸಿಗಿ ಹಿಡದ. ಆವಾಗ ವಾಡೇದಿಂದ ನಮ್ಮವರೆಲ್ಲ ಹೋಗಿ ಬಂಗ್ಲೆ ಹಿಡಕೊಂಡ್ರು. ಆಕಿನ್ನ, ಆಕಿ ಮಗಳನ್ನ ಹಿಂದಿನ ಬಾಗಲಿಂದ ಹೊರಗ ಹಾಕಿದ್ರು."

"ಅವರು ತೀರಿಕೊಂಡ ಮ್ಯಾಲೆ?"

"ಇಲ್ರಿ. ಜೀವ ಇತ್ತಂತ ಇನ್ನ."

ದುರ್ಗಾ ಆ ಮಾತನ್ನು ಬರೆದು ಕೆಳಗೊಂದು ಗೆರೆ ಎಳೆದರು. ಗಂಡನ ಉಸಿರು ಆಡುತ್ತಿರುವಾಗ ಹೊರಬಿದ್ದವಳು, ಅಂದರೆ ಮುತ್ತೈದೆಯಾಗಿಯೇ.

"ಆ ಫೋಟೋ ಬಗ್ಗೆ ಮತ್ತ್ಯಾರರ ಕೇಳಿದ್ರೇನು ನಿಮ್ಮನ್ನ?"

"ಎರಡ್ ತಿಂಗಳ ಹಿಂದ ಒಬ್ಬ ಹೆಣಮಗಳು ಮನೀಗೆ ಬಂದಿದ್ರು. ನಮ್ಮ ಕಡೆಯವರ. ಆ ಗೈಡ್ ಹೇಳೋ ಕತಿ ನಿಲ್ಲಸ್ರಿ, ನೀವು ಮನೆತನದವರು, ನಿಮ್ಮ ಮಾತು ಕೇಳ್ತಾರ ಅಂದ್ರು. ಒಮ್ಮೆ ಜಗಳಾಡಿ ಸಾಕಾಗಿತ್ತು, ಮತ್ತ ನನಗ್ಯಾಕ್ರಿ ಅದು ಅಂತ ಕಳಿಸಿಬಿಟ್ಟೆ. ಹೆಸರು ಹೇಳಲಿಲ್ಲ. ಬರಿಗೈಲೆ ಬರಬಾರದು ಅಂತ ಬೆಲ್ಲ ಕೊಟ್ಟು ಹೋದ್ರು. ಇಷ್ಟ್ ದೊಡ್ಡ ಪೆಂಟಿ."

"ಬೆಲ್ಲ ಯಾತರಾಗ ತಂದಿದ್ರು?"

ನೀತಾ ಕುರ್ಚಿಗೆ ನೇತುಹಾಕಿದ್ದ ಊಟದ ಡಬ್ಬಿಯ ಬಟ್ಟೆಚೀಲವನ್ನು ಎತ್ತಿ ತೋರಿಸಿದಳು. ಚೀಲ ಗಟ್ಟಿ ಇತ್ತು, ಬಿಸಾಕಲು ಮನಸ್ಸು ಬಂದಿರಲಿಲ್ಲ. ಅದರ ಮೇಲೆ ಅಚ್ಚಾಗಿತ್ತು: ಸಿದ್ದಾರೂಢ ಮುಗಳಿ, ಬೆಲ್ಲದ ಹೋಲ್‌ಸೇಲ್ ವ್ಯಾಪಾರಿ, ಮಾರ್ಕೆಟ್ ಯಾರ್ಡ್, ಪುಣೆ.

ನಮ್ಮ ಜನ ಹೀಗೇ. ಜಗಳಕ್ಕೆ ಹೋಗಲಿ, ಬೇಡಲು ಹೋಗಲಿ, ಕೈ ಬೀಸಿಕೊಂಡು ಹೋಗಲಾರರು. ಹೆಸರು ಮುಚ್ಚಿಟ್ಟುಕೊಂಡ ಹೆಂಗಸು ಮರ್ಯಾದೆಗೆಂದು ಬೆಲ್ಲ ಒಯ್ದು, ತನ್ನ ವಿಳಾಸವನ್ನು ತಾನೇ ಕೊಟ್ಟು ಬಂದಿದ್ದಳು.

ಬುಧವಾರ ಬೆಳಿಗ್ಗೆ ಅವಿನಾಶ್ ಮಾರ್ಕೆಟ್ ಯಾರ್ಡಿಗೆ ಹೋಗಿ, ಬೆಲ್ಲ ಕೊಳ್ಳುವವನಂತೆ ಅರ್ಧ ಗಂಟೆ ನಿಂತು ಬಂದ. ಗದ್ದುಗೆಯ ಮೇಲೆ ಕೂತ ಸಾವಕಾರ ಸಿದ್ದಾರೂಢ ಮುಗಳಿ ಮಾತು ಕಡಿಮೆಯವರು, ಮನೆ ಬಿಬ್ವೆವಾಡಿಯಲ್ಲಿ, ಹೆಂಡತಿ ಮಾಧುರಿ. ಅಂಗಡಿಯ ಗೋಡೆಯಲ್ಲಿ ಗಂಡಹೆಂಡಿರ ಷಷ್ಟಿಪೂರ್ತಿಯ ಫೋಟೋ ಇತ್ತು. ಅದನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದ. ಸೋಮವಾರ ನೂರಾರು ಮುಖಗಳ ನಡುವೆ ಏನೂ ಗೊತ್ತಾಗದ ಭಾನುವಾರದ ಕ್ಯಾಮೆರಾ ಚಿತ್ರಗಳನ್ನು ಮತ್ತೆ ಹಾಕಿದರು. ನಾಲ್ಕೂವರೆಗೆ ಹಸಿರು ಇಳಕಲ್ ಸೀರೆಯ ಮಾಧುರಿ ಕೈಚೀಲ ಹಿಡಿದು ಪಕ್ಕದ ಬಾಗಿಲಿನಿಂದ ಒಳಗೆ ಹೋದದ್ದು ಕಂಡಿತು. ಹಿಂದಿನ ಬಾಗಿಲಿನ ಚಿತ್ರದಲ್ಲಿ ಎಷ್ಟು ಹುಡುಕಿದರೂ ಆಕೆ ಹೊರಬರಲಿಲ್ಲ.

ಮಧ್ಯಾಹ್ನ ಎರಡಕ್ಕೆ ದುರ್ಗಾ ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳ ಜೊತೆ ಬಿಬ್ವೆವಾಡಿಯ ಮನೆಯ ಬೆಲ್ಲು ಒತ್ತಿದರು. ಬಾಗಿಲು ತೆಗೆದ ಮಾಧುರಿ ಸಮವಸ್ತ್ರ ನೋಡಿ ಬೆಚ್ಚಲಿಲ್ಲ.

"ಬರ್ರಿ. ಬೂಟು ಅಲ್ಲೇ ಬಿಡ್ರಿ, ದೇವರ ಮನಿ ಅದ."

ಹುಡುಕುವ ಕಷ್ಟವನ್ನೂ ಕೊಡಲಿಲ್ಲ. ದೇವರ ಕೋಣೆಯಲ್ಲಿ, ಮೂರ್ತಿಗಳಿಟ್ಟ ಜಗಲಿಯ ಪಕ್ಕದ ಮಣೆಯ ಮೇಲೆ ಫೋಟೋ ಇತ್ತು. ಇಪ್ಪತ್ತೈದರ ಒಳಗಿನ ಹೆಂಗಸು. ಹಣೆಯಲ್ಲಿ ಅಗಲ ಕುಂಕುಮ, ಮೂಗಿನಲ್ಲಿ ನತ್ತು, ಕೊರಳಲ್ಲಿ ತಾಳಿ. ಬಣ್ಣ ಹಚ್ಚಿದವನು ತಾಳಿಗೆ ಹಳದಿಯನ್ನು ಚೆನ್ನಾಗಿಯೇ ಮೆತ್ತಿದ್ದ. ಭಾನುವಾರ ಬಂದ ನೂರಾರು ಜನ ಹಾಲಿನ ಸ್ನಾನದ ಕತೆ ಕೇಳಿದ್ದರು, ತಾಳಿಯನ್ನು ಮಾತ್ರ ಯಾರೂ ನೋಡಿರಲಿಲ್ಲ.

"ಇದು ನಿಮ್ಮ ಮನೀಗೆ ಹೆಂಗ ಬಂತ್ರಿ?"

"ನಾನ ಕರಕೊಂಡು ಬಂದೀನಿ."

"ಬೀಗ ಹಾಕೂತನಕಾ ಎಲ್ಲಿದ್ರಿ?"

"ಮ್ಯಾಲೆ ಹೋಗೂ ಮೆಟ್ಟಲಿನ ತಿರುವಿನ್ಯಾಗ. ಅವ ಹಿಂದ ಬೀಗ ಹಾಕಿ ಹೋದ ಮ್ಯಾಲೆ ಕೆಳಗ ಇಳದೆ. ಅಗಳಿ ಭಾಳ ಬಿಗಿ ಇತ್ತು."

"ಹಿಂದಿನ ಬಾಗಲಿಂದ ಮಂದಿ ಜೋಡಿ ಹೋಗಬಹುದಿತ್ತಲ್ಲ?"

ಮಾಧುರಿ ಮೊದಲ ಬಾರಿಗೆ ದುರ್ಗಾ ಅವರ ಮುಖವನ್ನು ನೆಟ್ಟಗೆ ನೋಡಿದರು. "ಆ ಬಾಗಲಿಂದ ಒಮ್ಮೆ ಹೋಗ್ಯಾಳ್ರಿ ಆಕಿ."

ಆಮೇಲೆ ಕೇಳದೆಯೇ ಹೇಳಿದರು. ಚಂದ್ರವ್ವನ ಮಗಳು ಮಾಧುರಿಯ ಅಜ್ಜಿ. ನಾಲ್ಕು ವರ್ಷದ ಕೂಸಾಗಿ ಅವ್ವನ ಕೈ ಹಿಡಿದು ಆ ಮನೆ ಬಿಟ್ಟವಳು. ಹುಬ್ಬಳ್ಳಿಯಲ್ಲಿ ಮುದುಕಿಯಾಗಿ ಸಾಯುವ ತನಕ ಅವಳು ಬಂಗಲೆ ಹೋಯಿತೆಂದು ಅಳಲಿಲ್ಲ, ಬಂಗಾರ ಹೋಯಿತೆಂದು ಅಳಲಿಲ್ಲ. ಗಂಡ ಬದುಕಿರುವ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಹೊರಗೆ ಹಾಕಿದರಲ್ಲ, ಹಣೆಗೆ ಕುಂಕುಮವನ್ನೂ ಇಡಲಿಲ್ಲವಲ್ಲ ಎಂದು ಅಳುತ್ತಿದ್ದಳು. ಅಜ್ಜಿಯ ಪೆಟ್ಟಿಗೆಯಲ್ಲಿ ಇದೇ ಫೋಟೋದ ಸಣ್ಣ ಪ್ರತಿ ಇತ್ತು, ಗೆದ್ದಲು ತಿಂದು ಹೋಯಿತು. ಹೋದ ವರ್ಷ ಓಣಿಯ ಹೆಂಗಸರ ಜೊತೆ ಬಂಗಲೆ ನೋಡಲು ಹೋದಾಗ ಗೋಡೆಯ ಮೇಲೆ ಮುತ್ತಜ್ಜಿಯನ್ನು ಕಂಡರು. ಪಕ್ಕದಲ್ಲಿ ನಿಂತ ಗೈಡ್ ಕುಣಿತದ ಕತೆ ಹೇಳುತ್ತಿದ್ದ. ಜೊತೆಗೆ ಬಂದವರು ನಕ್ಕರು.

"ನಾನೂ ನಕ್ಕೆ. ನಗಲಿಲ್ಲಂದ್ರ ಯಾಕ ಅಂತ ಕೇಳ್ತಾರ. ಅದ ನನಗ ಭಾಳ ಮನಸ್ಸಿಗೆ ಹತ್ತಿತು."

ಮನೆಯಲ್ಲಿ ಗಂಡನಿಗೂ ಹೇಳಿರಲಿಲ್ಲ. ಹಾಡುವವಳ ಸಂತಾನ ಎಂದು ತಿಳಿದರೆ ಮುಗಳಿ ಮನೆತನದಲ್ಲಿ ಸಂಬಂಧ ಬೆಳೆಸುತ್ತಿರಲಿಲ್ಲ. ಮೂವತ್ತು ವರ್ಷದಿಂದ ಆ ಮಾತನ್ನು ನುಂಗಿಕೊಂಡಿದ್ದರು. ಸ್ವಪ್ನಿಲ್‌ನನ್ನು ಎರಡು ಸಲ ಕೇಳಿ ನೋಡಿದರು, ಅವನು ನಿಮಗೇನು ಸಂಬಂಧ ಎಂದ. ಉತ್ತರ ಹೇಳುವ ಧೈರ್ಯ ಆಗಲಿಲ್ಲ.

ಫೋಟೋವನ್ನು ಪಂಚರ ಸಮಕ್ಷಮ ಜಪ್ತಿ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗು ಒತ್ತಿದರು. ನಾಲ್ಕು ಗಂಟೆಗೆ ಎಲ್ಲರೂ ಠಾಣೆಯಲ್ಲಿದ್ದರು. ಸಿದ್ದಾರೂಢ ಮುಗಳಿ ಅಂಗಡಿಯಿಂದ ನೇರ ಬಂದರು, ಅಂಗಿಯ ತೋಳಿಗೆ ಬೆಲ್ಲ ಮೆತ್ತಿದ್ದು ಹಾಗೇ ಇತ್ತು. ಏನಾಗಿದೆ ಎಂದು ಅವರಿಗೆ ಅರ್ಧ ಮಾತ್ರ ಗೊತ್ತಾಗಿತ್ತು: ಹೆಂಡತಿ ಯಾವುದೋ ಹಳೆ ಫೋಟೋ ಕದ್ದಿದ್ದಾಳೆ.

ಹಿಂದೆಯೇ ಸ್ವಪ್ನಿಲ್ ಬಂದ. ಟ್ರಸ್ಟಿನವರು ವಕೀಲರನ್ನು ಕೇಳಿ ಕಳಿಸಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಸಲಹೆ. ಕಟ್ಟು ಹಾಳಾಗಿತ್ತು, ರಿಪೇರಿ ಮಾಡಿಸಿ ಕೊಡುವುದಾಗಿ ಮಾಧುರಿಬಾಯಿ ಒಯ್ದಿದ್ದರು, ನನಗೆ ತಿಳಿಸುವುದು ಮರೆತರು ಎಂದು ಅವನು ಹೇಳಿಕೆ ಕೊಡುತ್ತಾನೆ. ಕೇಸು ಅಲ್ಲೇ ಸಾಯುತ್ತದೆ. ಆದರೆ ಫೋಟೋದ ಹೆಂಗಸಿಗೂ ತನಗೂ ಸಂಬಂಧವಿಲ್ಲ ಎಂದು ಮಾಧುರಿ ಬರೆದುಕೊಡಬೇಕು. ನಾಳೆ ವಾರಸುದಾರರು ಎಂದು ಯಾರೂ ಎದ್ದು ನಿಲ್ಲಬಾರದು.

"ಫೋಟೋ ಏನಾಗ್ತದ?" ಮಾಧುರಿ ಕೇಳಿದರು.

"ಅದರ ಜಾಗಕ್ಕೇ ಹೋಗುತ್ತದೆ," ಎಂದ ಸ್ವಪ್ನಿಲ್. ಸ್ವಲ್ಪ ತಡೆದು, "ಕತೆ ಸ್ವಲ್ಪ ಕಡಿಮೆ ಮಾಡೋಣ," ಎಂದೂ ಸೇರಿಸಿದ.

ಸುಳ್ಳು ಹೇಳಿಕೆ ಎಂದು ದುರ್ಗಾ ಅವರಿಗೆ ಗೊತ್ತಿತ್ತು. ಆದರೆ ದೂರುದಾರನೂ ಆರೋಪಿಯೂ ಒಂದೇ ಸುಳ್ಳು ಹೇಳಿದರೆ ಕೇಸು ನಿಲ್ಲುವುದಿಲ್ಲ ಎಂಬುದೂ ಗೊತ್ತಿತ್ತು. ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಅವರು ಗಡಿಯಾರ ನೋಡಿದರು.

ಸಿದ್ದಾರೂಢ ಹೆಂಡತಿಯತ್ತ ಬಾಗಿದರು. "ಬರಕೊಟ್ಟು ನಡಿ. ಯಾರದೋ ಫೋಟೋ, ನಮಗೇನು?"

ಮಾಧುರಿ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಮೇಡಂ, ಬರಕೋರಿ. ಫೋಟೋದಾಗ ಇದ್ದಾಕಿ ಚಂದ್ರವ್ವ. ಗೂಳಪ್ಪ ಹಳ್ಳೂರನ ಹೆಂಡತಿ. ನಮ್ಮ ಅಜ್ಜಿಯ ಹಡೆದವ್ವ. ನಾನು ತಗೊಂಡೀನಿ, ಗೊತ್ತಿದ್ದ ತಗೊಂಡೀನಿ."

ಸಿದ್ದಾರೂಢ ಹೆಂಡತಿಯ ಕಡೆ ತಿರುಗಿದರು. "ನನಗ ಮೊದಲ ಹೇಳಬೇಕಿತ್ತು," ಎಂದರು.

"ಹೇಳಿದ್ರ ಏನಂತಿದ್ರಿ?"

ಮೂವತ್ತು ವರ್ಷದ ಹಿಂದೆ ಏನೆನ್ನುತ್ತಿದ್ದೆನೆಂದು ಸಿದ್ದಾರೂಢರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದ್ದು ಹೋಗಲಿಲ್ಲ. ಕುರ್ಚಿಯನ್ನು ಹೆಂಡತಿಯ ಪಕ್ಕಕ್ಕೆ ಎಳೆದುಕೊಂಡು ಕೂತು, ಬಂಧನದ ತಿಳುವಳಿಕೆ ಪತ್ರಕ್ಕೆ ಸಹಿ ಹಾಕಿದರು.

ಸಂಜೆ ಐದೂವರೆಗೆ ಬಂಧನ ದಾಖಲಾಯಿತು. ನಾಳೆ ಬೆಳಿಗ್ಗೆ ಶಿವಾಜಿನಗರ ಕೋರ್ಟು, ಜಾಮೀನು ಸಿಗುತ್ತದೆ ಎಂದು ದುರ್ಗಾ ತಿಳಿಸಿದರು. ವರದಿಯಲ್ಲಿ ಉದ್ದೇಶ ಎಂಬಲ್ಲಿ ಲಾಭ ಎಂದು ಬರೆಯುವುದು ವಾಡಿಕೆ. ದುರ್ಗಾ ಬರೆದದ್ದು ಬೇರೆ: ಆರೋಪಿಯು ತನ್ನ ಮುತ್ತಜ್ಜಿಯ ಅವಮಾನ ಸಹಿಸಲಾರದೆ ಕೃತ್ಯ ಎಸಗಿರುತ್ತಾರೆ. ಗೂಳಪ್ಪ ಹಳ್ಳೂರನ ಹೆಂಡತಿ ಎಂಬ ಮಾತನ್ನು ಆರೋಪಿಯ ಹೇಳಿಕೆಯಲ್ಲಿ ಇದ್ದದ್ದು ಇದ್ದ ಹಾಗೆ ಉಳಿಸಿದರು.

ಅವಿನಾಶ್ ಅರಗಿನ ಮುದ್ರೆಯ ಗಂಟನ್ನು ಮುದ್ದೆಮಾಲಿನ ಕೋಣೆಗೆ ಒಯ್ಯಲು ಎತ್ತಿಕೊಂಡ. ಮಾಧುರಿಯ ಕಣ್ಣು ಅದರ ಹಿಂದೆಯೇ ಹೋಯಿತು.

"ಎಲ್ಲಿಗೆ ಒಯ್ತೀರಿ?"

"ಸಾಕ್ಷಿರಿ ಅದು. ಕೇಸ್ ಮುಗಿಯೂತನಕಾ ಇಲ್ಲೇ ಕೀಲಿ ಹಾಕಿ ಇಡ್ತೀವಿ," ಎಂದರು ದುರ್ಗಾ.

"ಟ್ರಸ್ಟಿನವರಿಗೆ ಕೊಡೂದಿಲ್ಲ?"

"ಅರ್ಜಿ ಹಾಕಬಹುದು. ನಿಮ್ಮ ವಕೀಲರು ವಿರೋಧ ಮಾಡಿದ್ರ ತೀರ್ಪು ಬರೂತನಕಾ ಇಲ್ಲೇ ಇರ್ತದ."

"ತೀರ್ಪಿಗೆ ಎಷ್ಟ ದಿವಸ ಹಿಡೀತದ್ರಿ?"

"ದಿವಸ ಅಲ್ರಿ. ಏಳೆಂಟ ವರ್ಷ ಆದರೂ ಆತು."

"ಅಲ್ಲೀತನಕಾ ಆಕಿನ್ನ ಯಾರೂ ನೋಡೂದಿಲ್ಲ? ಆಕಿ ಮುಂದ ನಿಂತು ಯಾರೂ ಏನೂ ಅನ್ನೂದಿಲ್ಲ?"

"ಇಲ್ಲ."

ಮಾಧುರಿ ತಲೆಯಾಡಿಸಿ, ಗಂಡನ ಕಡೆ ತಿರುಗಿದರು. "ವಕೀಲರಿಗೆ ಹೇಳ್ರಿ," ಎಂದರು, "ಅವಸರ ಮಾಡಬ್ಯಾಡಂತ."